ಅಮೆರಿಕದ ಬಿಯರ್ ಇತಿಹಾಸ ಅಂದ್ರೆ ಬರೀ ಜರ್ಮನ್ ಸಾಹುಕಾರರ ಕಥೇನಾ?

ಮಿಲ್ವಾಕಿ_ಮಂಜು
ಎಲ್ರಿಗೂ ನಮಸ್ಕಾರ. ಇದು ಕುಡಿಯೋರ ಎಳೆ ಅಲ್ಲ, ಅದಕ್ಕೇ ಇತಿಹಾಸ ವಿಭಾಗದಲ್ಲಿ ಹಾಕ್ತಿದೀನಿ. ನಾನಿರೋದು ಅಮೆರಿಕದ ಮಿಲ್ವಾಕಿ, ಇಲ್ಲಿ ಎಲ್ಲಿ ತಿರುಗಿದ್ರೂ ಪಾಬ್ಸ್ಟ್, ಶ್ಲಿಟ್ಜ್, ಬ್ಲಾಟ್ಜ್, ಮಿಲ್ಲರ್ ಅಂತ ಬಿಯರ್ ಕಂಪನಿಗಳ ಹೆಸ್ರುಗಳೇ. ಥಿಯೇಟರ್‌ಗೂ ಅದೇ, ಹಳೇ ಕಟ್ಟಡಕ್ಕೂ ಅದೇ. ಯಾವ ಬ್ರುವರಿ (ಬಿಯರ್ ಕಾರ್ಖಾನೆ) ಟೂರ್‌ಗೆ ಹೋದ್ರೂ ಕಥೆನೂ ಒಂದೇ. 1840ರ ದಶಕದಲ್ಲಿ ಜರ್ಮನಿಯಿಂದ ಹಡಗಲ್ಲಿ ಒಬ್ರು ಬಂದ್ರು, ಲಾಗರ್ (ತಂಪಲ್ಲಿಟ್ಟು ಹದ ಮಾಡೋ ಬಿಯರ್) ಮಾಡಿದ್ರು, ಬಂಗಲೆ ಕಟ್ಟಿಸಿದ್ರು, 1920ರಲ್ಲಿ ಪಾನನಿಷೇಧ ಬಂತು, 1933ರಲ್ಲಿ ಹೋಯ್ತು, ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಜನ ಹುಡುಗ್ರು ಗ್ಯಾರೇಜಲ್ಲಿ ಕ್ರಾಫ್ಟ್ ಬಿಯರ್ (ಸಣ್ಣ ಮಟ್ಟದಲ್ಲಿ ಮಾಡೋ ಬಿಯರ್) ಮಾಡಿದ್ರು, ಬನ್ನಿ ಈಗ ಗಿಫ್ಟ್ ಶಾಪ್ ಕಡೆ ಹೋಗೋಣ.

1873ರಲ್ಲಿ ಅಮೆರಿಕದಲ್ಲಿ 4,000ಕ್ಕೂ ಹೆಚ್ಚು ಬ್ರುವರಿ ಇತ್ತು ಕಣ್ರೀ. ಅಷ್ಟೂ ಕಡೆ ಕೆಲಸ ಮಾಡಿದವರು ಯಾರು? ನಂಗೆ ಸಿಕ್ಕಿದ ಒಂದು ಉದಾಹರಣೆ ಹೇಳ್ತೀನಿ. 1910ರಲ್ಲಿ ಮದರ್ ಜೋನ್ಸ್ ಅನ್ನೋ ಕಾರ್ಮಿಕ ನಾಯಕಿ ಮಿಲ್ವಾಕಿಗೆ ಬಂದು, ಬ್ರುವರಿಗಳಲ್ಲಿ ಬಾಟ್ಲಿ ತೊಳೆಯೋ ಹೆಣ್ಮಕ್ಕಳ ಜೊತೆ ಓಡಾಡಿ, ಅವರ ಪರಿಸ್ಥಿತಿ ಬಗ್ಗೆ ಬರೆದ್ರು. ದಿನವಿಡೀ ಒದ್ದೆ ಬಟ್ಟೆ, ಒದ್ದೆ ಶೂ, ಹುಳಿ ಬಿಯರ್ ವಾಸನೆ, ಮೇಸ್ತ್ರಿಗಳ ಬಾಯಲ್ಲಿ ಕೆಟ್ಟ ಬೈಗುಳ, ಕೂಲಿ ದಿನಕ್ಕೆ 1 ಡಾಲರ್‌ಗಿಂತ ಕಮ್ಮಿ, ಎಷ್ಟೋ ಜನಕ್ಕೆ ಕೀಲು ನೋವು. ಆ ಹುಡುಗೀರಲ್ಲಿ ಒಬ್ಬಳ ಹೆಸ್ರೂ ಈ ಊರಿನ ಯಾವ ಗೋಡೆ ಮೇಲೂ ನಾನು ನೋಡಿಲ್ಲ.

ಈ ಥರ ಕಥೆಯಿಂದ ಬಿಟ್ಟು ಹೋದವರ ಬಗ್ಗೆ ನಿಮಗೆ ಗೊತ್ತಿರೋದು ಹಾಕಿ.

ಕಾಫಿಪುಡಿ
ಶುಕ್ರವಾರ ಸಂಜೆ ಬಿಯರ್ ಇತಿಹಾಸ. ಟೈಮಿಂಗ್ ಚೆನ್ನಾಗಿದೆ ಗುರು 😀

ಹಾಸನದ_ಮೇಷ್ಟ್ರು
ಮಂಜು ಅವರೇ, ನೀವು 1840ರಿಂದ ಶುರು ಮಾಡಿದ್ರಿ, ಅಲ್ಲೇ ಅರ್ಧ ಕಥೆ ಹೋಯ್ತು. ಜರ್ಮನ್ನರು ಬರೋಕೆ ಮುಂಚೆ ಅಮೆರಿಕದಲ್ಲಿ ಬಿಯರ್ ಇರ್ಲಿಲ್ವಾ? ಧಾರಾಳವಾಗಿತ್ತು. ಇಂಗ್ಲಿಷರ ಥರದ ಏಲ್ ಅನ್ನೋ ಬಿಯರ್, ಮನೆಮನೆಯಲ್ಲೂ ಆಗ್ತಿತ್ತು.

ನಾನು ತರಗತಿಯಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಪಾಠ ಮಾಡುವಾಗ ತಪ್ಪದೆ ಹೇಳೋ ಹೆಸರು ಪೀಟರ್ ಹೆಮಿಂಗ್ಸ್. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಮಾಂಟಿಸೆಲ್ಲೊ ಎಸ್ಟೇಟಿನ ಗುಲಾಮ. ಜೆಫರ್ಸನ್‌ರಿಂದ ಮಕ್ಕಳನ್ನ ಪಡೆದ ಗುಲಾಮ ಹೆಂಗಸು ಸ್ಯಾಲಿ ಹೆಮಿಂಗ್ಸ್ ಹೆಸರು ಕೇಳಿರ್ತೀರಿ, ಆಕೆಯ ಅಣ್ಣ. ಮೊದಲು ಅಲ್ಲಿ ಅಡುಗೆ ಮಾಡ್ತಿದ್ದವರು. 1812ರಲ್ಲಿ ಶುರುವಾದ ಅಮೆರಿಕ-ಬ್ರಿಟನ್ ಯುದ್ಧದ ಸಮಯದಲ್ಲಿ ಜೋಸೆಫ್ ಮಿಲ್ಲರ್ ಅಂತ ಒಬ್ಬ ಇಂಗ್ಲಿಷ್ ಬ್ರೂವರ್ ವಾಪಸ್ ಹೋಗೋಕಾಗದೆ ಆ ಭಾಗದಲ್ಲಿ ಸಿಕ್ಕಿಹಾಕ್ಕೊಂಡ, 1813ರಲ್ಲಿ ಅವನ ಹತ್ರ ಪೀಟರ್ ಕೆಲಸ ಕಲಿತರು. ಕಾಳು ಮೊಳಕೆ ಕಟ್ಟೋದರಿಂದ ಹಿಡಿದು ಪೀಪಾಯಿ ತುಂಬೋವರೆಗೂ ಎಲ್ಲ ಅವರದೇ ಕೈಕೆಲಸ. 1820ರಲ್ಲಿ ಜೆಫರ್ಸನ್ ತಮ್ಮ ಗೆಳೆಯ ಜೇಮ್ಸ್ ಮ್ಯಾಡಿಸನ್‌ಗೆ ಕಾಗದ ಬರೆದು, ಈತ ಅಸಾಧಾರಣ ಬುದ್ಧಿವಂತ, ನಿಮ್ಮ ಆಳನ್ನ ಕಳಿಸಿದರೆ ಕಲಿಸ್ತಾನೆ ಅಂತ ಹೇಳ್ತಾರೆ. ಮರುವರ್ಷ ಇನ್ನೊಬ್ಬರು ಬಿಯರ್ ಮಾಡುವ ವಿಧಾನ ಬರೆದು ಕಳಿಸಿ ಅಂತ ಕೇಳಿದರೆ, ನನ್ನ ಹತ್ರ ಅಂಥದ್ದು ಇಲ್ಲ, ಬರೆದದ್ದನ್ನ ನೋಡ್ಕೊಂಡು ಈ ಕೆಲಸ ಆಗೋದೂ ಅನುಮಾನ ಅನ್ನೋ ಅರ್ಥದ ಉತ್ತರ. ಅಂದರೆ ಇಡೀ ವಿದ್ಯೆ ಇದ್ದದ್ದು ಪೀಟರ್ ಹತ್ರ.

ಈಗ ಅಂಗಡೀಲಿ "ಜೆಫರ್ಸನ್ ಬಿಯರ್" ಅನ್ನೋ ಥರ ಏನಾದ್ರೂ ಕಂಡರೆ ಇದು ನೆನಪಿರಲಿ. ಜೆಫರ್ಸನ್ ತೀರಿಕೊಂಡ ಮೇಲೆ 1827ರಲ್ಲಿ ಗುಲಾಮರ ಹರಾಜು ನಡೀತು. ಪೀಟರ್‌ಗೆ ಆಗ 57ರ ಆಸುಪಾಸು. ಸ್ವತಂತ್ರನಾಗಿದ್ದ ಅವರ ಅಕ್ಕನ ಮಗ 1 ಡಾಲರ್ ಕೊಟ್ಟು ಅವರನ್ನ ಕೊಂಡು ಬಿಡಿಸಿಕೊಂಡ. ಆಮೇಲೆ ಅವರು ಷಾರ್ಲಟ್ಸ್‌ವಿಲ್‌ನಲ್ಲಿ ಟೈಲರ್ ಆಗಿ ಬದುಕಿದರು.

ಬಾರ್ಲಿ_ಬಸು
ಮೇಷ್ಟ್ರ ಮಾತಿಗೆ ಒಂದಿಷ್ಟು ಸೇರಸ್ತೀನ್ರಿ. ನಾ ಬೆಂಗ್ಳೂರಾಗ ಬ್ರೂಪಬ್ ಒಂದ್ರಾಗ ಬಿಯರ್ ಮಾಡೂ ಕೆಲಸ ಮಾಡ್ತೀನಿ. ಈಗ ನಮಗ ಮಾಲ್ಟು, ಅಂದ್ರ ಮೊಳಕಿ ಬರಿಸಿ ಒಣಗಿಸಿದ ಕಾಳು, ಚೀಲದಾಗ ಬರ್ತೈತಿ, ಹರದು ಗಿರಣಿಗೆ ಹಾಕಿದ್ರ ಮುಗೀತು. ಆವಾಗ ಹಂಗಿರ್ಲಿಲ್ಲ. ಕಾಳು ಎರಡು ಮೂರು ದಿನ ನೆನಿಸ್ಬೇಕು, ನಡುನಡುವ ನೀರ ಬಸಿದು ಗಾಳಿ ಆಡ್ಸಬೇಕು, ಆಮ್ಯಾಲೆ ಕಲ್ಲಿನ ನೆಲದ ಮ್ಯಾಲೆ ಹರವಿ ಮೊಳಕಿ ಬರಿಸ್ಬೇಕು. ಮೊಳಕಿ ಒಡಿಯೂ ಮುಂದ ರಾಶಿ ಒಳಗ ಕಾವು ಏರ್ತೈತಿ, ಹೊತ್ತಿಗೆ ಸರಿಯಾಗಿ ಮರದ ಸಲಿಕೀಲೆ ತಿರುವಿ ಹಾಕ್ಲಿಲ್ಲಂದ್ರ ಬೇರು ಒಂದಕ್ಕೊಂದು ಹೆಣಕೊಂಡು ಬೂಸ್ರು ಹಿಡೀತೈತಿ. ರಾತ್ರಿನೂ ಏಳಬೇಕು. ಸಿಪ್ಪಿ ಒಳಗಿನ ಮೊಳಕಿ ಕಾಳಿನ ಮುಕ್ಕಾಲು ಉದ್ದಕ್ಕ ಬಂದಾಗ ನಿಲ್ಲಿಸ್ಬೇಕು. ಕಾಳನ್ನ ಎರಡು ಬೆರಳಾಗ ಉಜ್ಜಿದ್ರ ಗಂಟಿಲ್ದಂಗ ಬಿಳಿ ಪುಡಿ ಆಗ್ಬೇಕು, ಆಗಲಿಲ್ಲಂದ್ರ ಇನ್ನೂ ಅರ್ಧ ದಿನ. ಆಮ್ಯಾಲೆ ಭಟ್ಟ್ಯಾಗ ಸಣ್ಣ ಉರಿಗೆ ಒಣಗ್ಸೂದು, ಅಲ್ಲಿ ಹೆಚ್ಚಾದ್ರ ಎಲ್ಲಾ ಹಾಳು.

ಥರ್ಮಾಮೀಟರ್ ಎಲ್ಲಾರ ಮನ್ಯಾಗ ಇಲ್ಲದ ಕಾಲ ಅದು. ಜ್ವಾಳದ ರೊಟ್ಟಿ ಬಡಿಯೂದನ್ನ ಚೀಟ್ಯಾಗ ಬರದು ಕೊಡಾಕ ಆಗ್ತೈತೇನ್ರಿ? ಜೆಫರ್ಸನ್ನಂಗ ಎಲ್ಲಾದಕ್ಕೂ ಲೆಕ್ಕ ಬರದು ಇಡೂ ಮನಷ್ಯಾನ "ಇದನ್ನ ಬರಿಯಾಕ ಬರೂದಿಲ್ಲ" ಅಂದ್ರ, ಪೀಟರ್ ಎಂಥಾ ಕೆಲಸಗಾರ ಇದ್ದಾ ಅಂತ ನೀವ ತಿಳ್ಕೋರಿ.

ಸುನಯನಾ_ಎಸ್
ಜೆಫರ್ಸನ್ ಮನೇಲಿ ಪೀಟರ್‌ಗಿಂತ ನಲವತ್ತು ವರ್ಷ ಮುಂಚೆ ಬಿಯರ್ ಮಾಡಿಸ್ತಿದ್ದಿದ್ದು ಹೆಂಡ್ತಿ ಮಾರ್ಥಾ. 1772ರಿಂದ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಮಾರ್ಥಾ "ಮಾಡಿದ್ರು" ಅಂತಾನೂ ಹೇಳೋ ಹಾಗಿಲ್ಲ ಬಿಡಿ, ಕೆಲಸ ಮಾಡಿದ್ದು ಅಡುಗೆಮನೆಯ ಗುಲಾಮ ಹೆಂಗಸರು, ಪುಸ್ತಕ ಬರೆದಿದ್ದು ಯಜಮಾನ್ತಿ.

ಆ ಕಾಲದಲ್ಲಿ ಬಿಯರ್ ಅನ್ನೋದು ಮನೆಗೆಲಸದಲ್ಲಿ ಒಂದು, ಹಾಗಾಗಿ ಹೆಂಗಸರ ಪಾಲು. ವ್ಯಾಪಾರಕ್ಕೆ ಇಳಿದವರೂ ಇದ್ರು, ಫಿಲಡೆಲ್ಫಿಯಾದಲ್ಲಿ ಮೇರಿ ಲೈಲ್ 1734ರಲ್ಲಿ ಅಪ್ಪನ ಬ್ರುವರಿ ವಹಿಸ್ಕೊಂಡು ನಡೆಸಿದ್ಲು.

ಆದ್ರೆ ನನಗೆ ಕಾಡೋ ಹೆಸ್ರು ಪ್ಯಾಟ್ಸಿ ಯಂಗ್. ನಾರ್ತ್ ಕ್ಯಾರೊಲಿನಾದ ಗುಲಾಮ ಹೆಂಗಸು. 1808ರಲ್ಲಿ ಯಜಮಾನನಿಂದ ತಪ್ಪಿಸ್ಕೊಂಡು, ಬೇರೆ ಊರಲ್ಲಿ ಸ್ವತಂತ್ರಳು ಅಂತ ಹೇಳ್ಕೊಂಡು, ಕೇಕ್ ಸುಟ್ಟು, ಬಿಯರ್ ಮಾಡಿ ಮಾರ್ಕೊಂಡು ಸುಮಾರು ಹದಿನೈದು ವರ್ಷ ಬದುಕಿದ್ಲು. ಮಗಳೂ ಹುಟ್ಟಿದ್ಲು. ಆಮೇಲೆ ಹಿಡಿದು ವಾಪಸ್ ತಂದ್ರು. 1824ರಲ್ಲಿ ಮತ್ತೆ ಓಡಿಹೋದ್ಲು! ಇದೆಲ್ಲ ನಮಗೆ ಗೊತ್ತಾಗಿರೋದು ಹೇಗೆ ಅಂದ್ರೆ, "ಹಿಡಿದುಕೊಟ್ಟವರಿಗೆ ಬಹುಮಾನ" ಅಂತ ಯಜಮಾನ ಪೇಪರಲ್ಲಿ ಜಾಹೀರಾತು ಕೊಟ್ಟಿದ್ದ, ಗುರುತು ಸಿಗ್ಲಿ ಅಂತ ಅವಳಿಗೆ ಏನೇನು ಕೆಲಸ ಬರುತ್ತೆ ಅನ್ನೋದನ್ನೂ ಅದರಲ್ಲಿ ಹಾಕಿಸಿದ್ದ. ಅವಳ ಕಸುಬಿನ ಸರ್ಟಿಫಿಕೇಟ್ ಬರೆದುಕೊಟ್ಟಿದ್ದು ಅವಳನ್ನ ಬೇಟೆಯಾಡ್ತಿದ್ದವನೇ. ಸ್ಮಿತ್ಸೋನಿಯನ್ ಮ್ಯೂಸಿಯಂನವರು ಬಿಯರ್ ಇತಿಹಾಸಕ್ಕೆ ಅಂತಲೇ ಥೆರೇಸಾ ಮೆಕುಲ್ಲಾ ಅನ್ನೋ ಇತಿಹಾಸಕಾರ್ತಿನ ನೇಮಿಸ್ಕೊಂಡಿದ್ರು, ಅವರು ಈ ಜಾಹೀರಾತಿನ ಎಳೆ ಹಿಡಿದು ಬರೆದ್ರು.

ಕಾಫಿಪುಡಿ
ಮೊದಲ್ನೇ ಕಾಮೆಂಟಲ್ಲಿ ತಮಾಷೆ ಮಾಡಿದ್ದೆ, ಇದು ಓದಿ ಸುಮ್ನಾದೆ.

ನೇರನುಡಿ
ಎಲ್ಲಾ ಸರಿ. ಆದ್ರೆ ನಂದೊಂದು ತಕರಾರಿದೆ, ಬೈಬೇಡಿ. ಈಗಿನ ಅಮೆರಿಕದ ರಾಜಕೀಯ ತಗೊಂಡ್ಹೋಗಿ ಇನ್ನೂರು ವರ್ಷದ ಹಿಂದಕ್ಕೆ ಅಂಟಿಸೋದು ಒಂದು ಫ್ಯಾಷನ್ ಆಗಿದೆ. ದುಡ್ಡು ಹಾಕಿದವನು, ರಿಸ್ಕ್ ತಗೊಂಡವನು, ದಿವಾಳಿ ಆದ್ರೆ ಬೀದಿಗೆ ಬೀಳೋನು ಯಾರೋ ಅವನ ಹೆಸ್ರು ಬೋರ್ಡಲ್ಲಿ ಇರುತ್ತೆ. ಪ್ರಪಂಚದ ಎಲ್ಲಾ ಕಡೆ ಹಾಗೇ. ಬಾಟ್ಲಿ ತೊಳೆದವರ ಹೆಸ್ರೆಲ್ಲಾ ಹಾಕೋಕಾಗುತ್ತಾ?

ಮತ್ತೆ ಈ "ಜರ್ಮನ್ ಸಾಹುಕಾರರು" ಅಂತ ಬೈತಿದೀರಲ್ಲ, ಅವರೇನು ಸುಖವಾಗಿದ್ರಾ? 1855ರಲ್ಲಿ ಶಿಕಾಗೋ ಮೇಯರ್ ಲೀವೈ ಬೂನ್ ವಲಸಿಗರನ್ನ ಕಂಡ್ರೆ ಆಗದ ಪಕ್ಷದವನು. ಬಾರ್ ಲೈಸೆನ್ಸ್ ಫೀ 50 ಡಾಲರ್ ಇದ್ದಿದ್ದನ್ನ 300 ಮಾಡಿದ, ಭಾನುವಾರ ಬಾಗಿಲು ಹಾಕಿಸಿದ. ಜರ್ಮನ್ನರಿಗೆ ವಾರಕ್ಕೆ ಸಿಗೋ ಒಂದೇ ರಜ ಭಾನುವಾರ, ಬಿಯರ್ ಹಾಲ್ ಅಂದ್ರೆ ಅವರ ಕ್ಲಬ್ಬೂ ಅದೇ, ಸಂಘದ ಆಫೀಸೂ ಅದೇ. ಏಪ್ರಿಲ್ 21ಕ್ಕೆ ಮೆರವಣಿಗೆ ಬಂದ್ರು, ಅವರು ದಾಟೋಕಾಗ್ದಿರ್ಲಿ ಅಂತ ಕ್ಲಾರ್ಕ್ ಸ್ಟ್ರೀಟ್ ಸೇತುವೆನೇ ತಿರುಗಿಸಿಬಿಟ್ರು, ಗುಂಡು ಹಾರಿತು. ಅಮೆರಿಕದಲ್ಲಿ ಬಿಯರ್ ಗಲಾಟೆ ಅಂದ್ರೆ ಶುರುವಾಗಿದ್ದೇ ವಲಸಿಗರ ಗಲಾಟೆ ಆಗಿ.

ಮೊದಲ ಮಹಾಯುದ್ಧದಲ್ಲಂತೂ ಜರ್ಮನ್ ಹೆಸ್ರಿದ್ರೆ ದೇಶದ್ರೋಹಿ. ಬಡ್ವೈಸರ್ ಮನೆಯ ಅಡಾಲ್ಫಸ್ ಬುಷ್ ಅವರ ವಿಧವೆ ಲಿಲ್ಲಿ, ಎಪ್ಪತ್ತು ದಾಟಿದ ಅಜ್ಜಿ, 1918ರಲ್ಲಿ ಜರ್ಮನಿಯಿಂದ ವಾಪಸ್ ಬಂದಾಗ ಕೀ ವೆಸ್ಟ್ ಬಂದರಲ್ಲಿ ಅಧಿಕಾರಿಗಳು ಬಟ್ಟೆ ಬಿಚ್ಚಿಸಿ ಮೈ ತಪಾಸಣೆ ಮಾಡಿದ್ರು. ಕೋಟ್ಯಾಧಿಪತಿಗೇ ಈ ಗತಿ. ಇದನ್ನ ಯಾವ ಲಿಸ್ಟಲ್ಲಿ ಹಾಕ್ತೀರ?

ಮಿಲ್ವಾಕಿ_ಮಂಜು
@ನೇರನುಡಿ ಇದನ್ನೂ ಅದೇ ಲಿಸ್ಟಲ್ಲಿ ಹಾಕೋಣ, ನಾನೇನು ಬೇಡ ಅಂದ್ನಾ? ಲಿಲ್ಲಿ ಬುಷ್ ವಿಷ್ಯ ಟೂರಲ್ಲಿ ಹೇಳ್ತಾರಾ? ಅದನ್ನೂ ಹೇಳಲ್ಲ, ಕಹಿ ಇರೋದೆಲ್ಲ ಬಿಟ್ಟು ಕುದುರೆಗಾಡಿ ತೋರಿಸ್ತಾರೆ.

ಆದ್ರೆ "ರಿಸ್ಕ್ ತಗೊಂಡವನು" ಅನ್ನೋದು ಅರ್ಧ ಸತ್ಯ. ಹತ್ತೊಂಬತ್ತನೇ ಶತಮಾನದ ಬ್ರುವರಿ ಕೆಲಸಗಾರನೂ ಜರ್ಮನ್ನೇ, ಅವನನ್ನ ದುಡಿಸ್ಕೊಂಡವನೂ ಜರ್ಮನ್ನೇ. ಬೆಳಗಿನ ಜಾವ ನಾಲ್ಕಕ್ಕೋ ಐದಕ್ಕೋ ಶುರು, ದಿನಕ್ಕೆ 14ರಿಂದ 16 ಗಂಟೆ, ಭಾನುವಾರನೂ ಸ್ವಲ್ಪ ಹೊತ್ತು, ಎಷ್ಟೋ ಕಡೆ ಮಲಗೋದೂ ಬ್ರುವರಿಯವರೇ ಗೊತ್ತು ಮಾಡಿದ ಕಡೆ. ಸಂಬಳದ ಜೊತೆ ಬಿಟ್ಟಿ ಬಿಯರ್, ಕೆಲಸದ ಹೊತ್ತಲ್ಲೇ. ಕುಡಿದು ಐಸ್ ತುಂಬಿದ ನೆಲಮಾಳಿಗೆಗೆ ಇಳಿದ್ರೆ ಒಳಗೆ ಕೊರೆಯೋ ಚಳಿ, ಅಲ್ಲಿಂದ ಕುದಿಯೋ ಕಡಾಯಿ ಹತ್ರ ಬಂದ್ರೆ ಬೆಂಕಿ. 1886ರಲ್ಲಿ ರಾಷ್ಟ್ರಮಟ್ಟದ ಬ್ರುವರಿ ಕಾರ್ಮಿಕರ ಸಂಘ ಕಟ್ಟಿದ್ರು. ಅದರ ವಿಶೇಷ ಏನಂದ್ರೆ ಬಿಯರ್ ಮಾಡೋನು, ಗಾಡಿ ಹೊಡೆಯೋನು, ಬಾಯ್ಲರ್ ನೋಡ್ಕೊಳ್ಳೋನು ಎಲ್ಲರೂ ಒಂದೇ ಸಂಘ ಅನ್ನೋ ವಾದ. ಆ ಕಾಲಕ್ಕೆ ಬೇರೆ ಸಂಘಗಳೆಲ್ಲ ಒಂದೊಂದು ಕಸುಬಿಗೆ ಒಂದೊಂದು. ಅದಕ್ಕೇ ಅವರವರಲ್ಲೇ ವರ್ಷಗಟ್ಟಲೆ ಜಗಳ ಆಯ್ತು.

ಕಡಲ_ತಡಿ
ನಾನು ಮೂಲ ಮಂಗಳೂರು ಮಾರಾಯ್ರೆ, ಈಗ ಸಿಯಾಟಲ್ ಹತ್ತಿರ. ಹಾಪ್ಸ್ ಬಗ್ಗೆ ಯಾರೂ ಹೇಳ್ಲಿಲ್ಲ ಅಲ್ವ, ಹಾಗಾಗಿ ನಾನು ಹೇಳುದು. ಬಿಯರಿಗೆ ಕಹಿ ಕೊಡುವ ಬಳ್ಳಿ ಅದು, ಹೂವನ್ನು ಕೀಳಬೇಕು, ಯಂತ್ರ ಬರುವ ಮೊದಲು ಎಲ್ಲ ಕೈಯಲ್ಲೇ. ಸೀಸನ್ ಬಂದರೆ ಕೆಲವೇ ವಾರದಲ್ಲಿ ಸಾವಿರಗಟ್ಟಲೆ ಜನ ಬೇಕು, ಆಮೇಲೆ ಯಾರೂ ಬೇಡ.

1880ರ ದಶಕದಲ್ಲಿ ಇಲ್ಲಿ ಪ್ಯುಜೆಟ್ ಸೌಂಡ್ ಕಡೆ ಹಾಪ್ಸ್ ಕೀಳ್ತಾ ಇದ್ದದ್ದು ಹೆಚ್ಚಾಗಿ ಮೂಲನಿವಾಸಿಗಳು. ಬ್ರಿಟಿಷ್ ಕೊಲಂಬಿಯಾದಿಂದ, ಅಲಾಸ್ಕಾ ಕಡೆಯಿಂದ ಇಡೀ ಕುಟುಂಬ ದೋಣಿಯಲ್ಲಿ ಬರ್ತಿತ್ತು, ಮಕ್ಕಳು ಮುದುಕರು ಎಲ್ಲ. ಗದ್ದೆ ಹತ್ತಿರವೇ ಡೇರೆ. ಪೇಟೆಯವರು ಅವರನ್ನು ನೋಡ್ಲಿಕ್ಕೆ ಅಂತ ಟ್ರಿಪ್ ಹೋಗ್ತಿದ್ರು.

ಮತ್ತೆ ಈಗ ಇಸಾಕ್ವಾ ಅಂತ ಹೇಳ್ತಾರಲ್ಲ, ನಮ್ಮ ಸಾಫ್ಟ್‌ವೇರಿನವರು ತುಂಬ ಜನ ಇರುವ ಊರು, ಆಗ ಅದು ಸ್ಕ್ವಾಕ್ ವ್ಯಾಲಿ. ಅಲ್ಲಿಯ ಒಂದು ಹಾಪ್ಸ್ ತೋಟದವರು ಕಡಿಮೆ ಕೂಲಿಗೆ ಚೀನಾದ ಕೆಲಸದವರನ್ನು ಕರ್ಕೊಂಡು ಬಂದ್ರು. 1885ರ ಸೆಪ್ಟೆಂಬರ್ 7ರ ರಾತ್ರಿ ಅವರು ಮಲಗಿದ್ದ ಡೇರೆಗಳಿಗೆ ಗುಂಡು ಹಾರಿಸಿದ್ರು, ಮೂರು ಜನ ಸತ್ರು. ಗುಂಡು ಹಾರಿಸಿದ ಗುಂಪಲ್ಲಿ ಬಿಳಿಯರೂ ಇದ್ರು, ಮೂಲನಿವಾಸಿಗಳೂ ಇದ್ರು, ಕೂಲಿ ಹೋಗ್ತದೆ ಅಂತ ಇಬ್ಬರಿಗೂ ಸಿಟ್ಟು. ಕೇಸ್ ಆಯ್ತು, ಶಿಕ್ಷೆ ಆಗ್ಲಿಲ್ಲ.

ಇನ್ನೊಂದು 1913ರ ಆಗಸ್ಟ್ 3, ಕ್ಯಾಲಿಫೋರ್ನಿಯಾದ ವೀಟ್‌ಲ್ಯಾಂಡ್. ಡರ್ಸ್ಟ್ ಅನ್ನುವವನ ಹಾಪ್ಸ್ ತೋಟ. ಬೇಕಾದದ್ದಕ್ಕಿಂತ ಜಾಸ್ತಿ ಜನ ಬರುವ ಹಾಗೆ ಊರೂರಿಗೆ ಜಾಹೀರಾತು ಕೊಟ್ಟ. ಜನ ಜಾಸ್ತಿ ಆದ್ರೆ ಕೂಲಿ ಇಳಿಸ್ಬಹುದಲ್ಲ. ಸುಮಾರು 2,800 ಜನ ಬಂದ್ರು, ಕಕ್ಕಸು ಬೆರಳಲ್ಲಿ ಎಣಿಸುವಷ್ಟು. ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಮೇಲೆ, ಗದ್ದೆಯಲ್ಲಿ ಕುಡೀಲಿಕ್ಕೆ ನೀರಿಲ್ಲ, ಬದಲಿಗೆ ಡರ್ಸ್ಟಿನ ಸಂಬಂಧಿಕನೊಬ್ಬ ಲೋಟಕ್ಕೆ 5 ಸೆಂಟಿನ ಹಾಗೆ ಲೆಮನೇಡ್ ಮಾರ್ತಿದ್ದ! ನೀರು ಕೊಡದೆ ಶರಬತ್ತು ಮಾರುದು, ಎಂಥ ಬುದ್ಧಿ ನೋಡಿ. ಕೆಲಸದವರು ಸಭೆ ಸೇರಿದ್ರು, ಪೊಲೀಸರು ಬಂದ್ರು, ಗೋಲಿಬಾರ್ ಆಯ್ತು, ನಾಲ್ಕು ಜನ ಸತ್ರು. ಅದರಲ್ಲಿ ಇಬ್ಬರು ಕೆಲಸದವರು, ಒಬ್ಬ ಜಿಲ್ಲಾ ಸರ್ಕಾರಿ ವಕೀಲ, ಒಬ್ಬ ಡೆಪ್ಯುಟಿ ಶೆರಿಫ್, ಅಂದ್ರೆ ಪೊಲೀಸಿನವ. ಜೈಲಿಗೆ ಹೋದದ್ದು ಸಂಘಟನೆ ಮಾಡಿದ ಫೋರ್ಡ್ ಮತ್ತು ಸುರ್ ಅನ್ನುವ ಇಬ್ಬರು.

ಗಂಗಾವತಿ_ಗಿರಿ
ಕಡಲ ತಡಿಯವರೆ ಅಲ್ಲಿ ನಮ್ಮ ದೇಶದವರೂ ಇದ್ರು ಅಂತ ಎಲ್ಲೋ ಓದಿದ್ದೆ ಖರೇ ಏನು

ಕಡಲ_ತಡಿ
@ಗಂಗಾವತಿ_ಗಿರಿ ಹೌದು, ವೀಟ್‌ಲ್ಯಾಂಡಿನಲ್ಲಿ ಇದ್ರು. ಆಗಿನ ದಾಖಲೆಗಳಲ್ಲಿ "ಹಿಂದೂ" ಅಂತ ಇದೆ, ಆದ್ರೆ ಆ ಕಾಲದಲ್ಲಿ ಅಲ್ಲಿ ಭಾರತದವರನ್ನೆಲ್ಲ ಹಾಗೇ ಕರೀತಿದ್ದದ್ದು, ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಇದ್ದ ಭಾರತೀಯರು ಹೆಚ್ಚಿನವರು ಪಂಜಾಬಿನ ಸಿಖ್ಖರು. ಕನ್ನಡದವರನ್ನು ಹುಡುಕ್ಲಿಕ್ಕೆ ಹೋಗ್ಬೇಡಿ ಮತ್ತೆ 😄

ಭಾಗ್ಯಕ್ಕ
ನಾನು ಸ್ವಲ್ಪ ಕಟುವಾಗಿ ಹೇಳ್ತೀನಿ, ಬೇಜಾರಾದ್ರೆ ಆಗ್ಲಿ. ಮಾಡಿದವರು, ಮಾರಿದವರು, ಕಿತ್ತವರು ಎಲ್ಲರ ಕಥೆ ಬಂತು. ಕುಡಿದು ಮನೆಗೆ ಬಂದವನ ಹೆಂಡತಿ ಕಥೆ ಯಾಕಪ್ಪ ಬರ್ಲಿಲ್ಲ? ಬಿಯರ್ ಇತಿಹಾಸ ಬರೆಯೋರೆಲ್ಲ ಪಾನನಿಷೇಧ ಅಂದ ತಕ್ಷಣ ಕೈಯಲ್ಲಿ ಕೊಡಲಿ ಹಿಡ್ಕೊಂಡ ಹುಚ್ಚು ಮುದುಕಿ ಚಿತ್ರ ಹಾಕಿ ನಗ್ತಾರೆ. 1874ರಲ್ಲಿ ಮಹಿಳಾ ಪಾನವಿರೋಧಿ ಸಂಘ ಕಟ್ಟಿದ್ರಲ್ಲ, ಫ್ರಾನ್ಸಿಸ್ ವಿಲಾರ್ಡ್ ಅಂತ ಒಬ್ರು ಅದನ್ನ ಇಡೀ ದೇಶಕ್ಕೆ ಬೆಳೆಸಿದ್ರಲ್ಲ, ಅವರಿಗೆ ತಲೆ ಕೆಟ್ಟಿತ್ತಾ? ಓಟಿಲ್ಲ, ಗಂಡನ ಸಂಬಳದ ಮೇಲೆ ಹಕ್ಕಿಲ್ಲ, ವಿಚ್ಛೇದನ ಸುಲಭಕ್ಕೆ ಇಲ್ಲ. ಶನಿವಾರ ಸಂಬಳ ಆಗೋದು, ಸಲೂನಲ್ಲಿ (ಅಲ್ಲಿ ಬಾರ್‌ಗೆ ಹಾಗಂತಿದ್ರು) ಖಾಲಿ ಆಗೋದು. ಆ ಸಲೂನುಗಳಲ್ಲಿ ಮುಕ್ಕಾಲು ಪಾಲಿಗೆ ದುಡ್ಡು ಹಾಕಿ ಕಟ್ಟಿಕೊಟ್ಟಿದ್ದು ಇದೇ ಬ್ರುವರಿಗಳು, ನಮ್ಮ ಬಿಯರ್ ಮಾತ್ರ ಮಾರ್ಬೇಕು ಅನ್ನೋ ಕರಾರಿನ ಮೇಲೆ.

ನಮ್ಮಲ್ಲಿ ಸಾರಾಯಿ ವಿರುದ್ಧ ಹಳ್ಳಿ ಹೆಂಗಸರು ಬೀದಿಗೆ ಬಂದಿದ್ದು, ಅಂಗಡಿ ಮುಚ್ಚಿಸಿದ್ದು ನಾನೇ ಕಣ್ಣಾರೆ ಕಂಡಿದೀನಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿದ್ದು ಸುಮ್ನೆ ಅಲ್ಲ. ಅವರನ್ನ ಯಾರಾದ್ರೂ ಹುಚ್ಚಿಯರು ಅಂದ್ರೆ ನಾನು ಕೇಳ್ಕೊಂಡು ಕೂರಲ್ಲ.

ಕಾಫಿಪುಡಿ
ಸಾರಾಯಿ ನಿಂತ ಮೇಲೆ ಕುಡಿಯೋದು ನಿಂತಿತಾ ಅಕ್ಕಾ? ಪ್ಯಾಕೆಟ್ ಹೋಗಿ ಕ್ವಾರ್ಟರ್ ಬಂತು ಅಷ್ಟೇ.

ಭಾಗ್ಯಕ್ಕ
ನಾನು ನಿಂತಿತು ಅಂದ್ನಾ? ಯಾಕೆ ಕೇಳಿದ್ರು ಅನ್ನೋದನ್ನ ಬರೀರಿ ಅಂದೆ.

ನೇರನುಡಿ
ಅಮೆರಿಕದಲ್ಲಿ 13 ವರ್ಷ ಕುಡಿಯೋದೇ ಅಪರಾಧ ಮಾಡಿಟ್ರು, ಅದರಿಂದ ಗ್ಯಾಂಗ್‌ಸ್ಟರ್‌ಗಳು ಹುಟ್ಟಿದ್ರು, ಇದನ್ನ ಸಮರ್ಥನೆ ಮಾಡ್ತೀರಾ?

ಹಾಸನದ_ಮೇಷ್ಟ್ರು
@ನೇರನುಡಿ ಸಣ್ಣ ತಿದ್ದುಪಡಿ. ಕುಡಿಯೋದು ಅಪರಾಧ ಆಗಿರ್ಲಿಲ್ಲ. ಅಮೆರಿಕದ ಸಂವಿಧಾನದ 18ನೇ ತಿದ್ದುಪಡಿ ತಡೆದದ್ದು ತಯಾರಿಕೆ, ಮಾರಾಟ, ಸಾಗಾಣಿಕೆ, ಆಮದು, ರಫ್ತು. ಮೊದಲೇ ಕೊಂಡು ಮನೆಯಲ್ಲಿ ದಾಸ್ತಾನು ಮಾಡಿಕೊಂಡಿದ್ದ ಶ್ರೀಮಂತರು ಕಾನೂನುಬದ್ಧವಾಗಿಯೇ ಕುಡಿದರು. ಬಡವನ ಬಿಯರ್ ಹೋಯ್ತು.

ಸುನಯನಾ_ಎಸ್
ಭಾಗ್ಯಕ್ಕ ಹೇಳಿದ್ದು ನೂರಕ್ಕೆ ನೂರು ಒಪ್ತೀನಿ, ಆದ್ರೆ ಅದರ ಇನ್ನೊಂದು ಮಗ್ಗುಲೂ ಹೆಂಗಸರದ್ದೇ. ಪಾನನಿಷೇಧ ತೆಗೀಬೇಕು ಅಂತ 1929ರಲ್ಲಿ ಪಾಲೀನ್ ಸೇಬಿನ್ ಅಂತ ಒಬ್ರು ಹೆಂಗಸರದ್ದೇ ಬೇರೆ ಸಂಘಟನೆ ಕಟ್ಟಿದ್ರು, ಲಕ್ಷಗಟ್ಟಲೆ ಹೆಂಗಸರು ಸೇರಿದ್ರು. ಮೊದಲು ನಿಷೇಧಕ್ಕೆ ಬೆಂಬಲ ಕೊಟ್ಟಿದ್ದವರೇ ಅವರು. ಗಂಡುಮಕ್ಕಳನ್ನ ಬೆಳೆಸೋ ತಾಯಿಯಾಗಿ ಹೇಳ್ತೀನಿ, ಕಾನೂನಿಗೆ ಬೆಲೆನೇ ಇಲ್ಲದ ಹಾಗಾಗಿದೆ ಅನ್ನೋದು ಅವರ ವಾದ. 1933ರಲ್ಲಿ ನಿಷೇಧ ಹೋದಾಗ ಫೋಟೋದಲ್ಲಿ ಬಿಯರ್ ಮಗ್ ಎತ್ತಿ ಹಿಡಿದಿದ್ದು ಮಾತ್ರ ಗಂಡಸರು.

ಬಾರ್ಲಿ_ಬಸು
ನಡಕ ಒಂದು ಮಾತು, ಎಳಿ ಎಲ್ಲಿಗೂ ಹೋಗ್ಲಿ, ಇದೊಂದು ಹೇಳ್ತೀನಿ. ಅಮೆರಿಕದ ಬಿಯರಿಗೆ ಅಕ್ಕಿ, ಗೋಂಜ್ವಾಳ ಹಾಕಿದ್ದು ರೊಕ್ಕಾ ಉಳ್ಸಾಕ ಅಂತ ಎಲ್ಲಾರೂ ನಗ್ತಾರ. ಶುರುವಿಗೆ ಹಂಗಲ್ರಿ. ಅಲ್ಲಿ ಬೆಳೆಯೂ ಆರು ಸಾಲಿನ ಬಾರ್ಲ್ಯಾಗ ಪ್ರೋಟೀನು ಜಾಸ್ತಿ, ಲಾಗರ್ ಮಾಡಿದ್ರ ರಾಡಿ ರಾಡಿ ಕಾಣ್ತಿತ್ತು, ಬಾಟ್ಲ್ಯಾಗ ತಡೀತಿರ್ಲಿಲ್ಲ. ಅಕ್ಕಿ, ಗೋಂಜ್ವಾಳ ಕೂಡಿಸಿದ್ರ ಪ್ರೋಟೀನು ತೆಳ್ಳಗಾಗಿ ಬಿಯರ್ ತಿಳಿ ಆಗ್ತೈತಿ. ಅದನ್ನ ಹೆಂಗ ಮಾಡ್ಬೇಕಂತ ಬರದು ಕಲಿಸಿದಾವ ಆಂಟನ್ ಶ್ವಾರ್ಟ್ಜ್, ಬೊಹೆಮಿಯಾದಿಂದ 1868ರಾಗ ಬಂದ ಯಹೂದಿ ಮನಷ್ಯಾ. ಬಡ್ವೈಸರ್ ಕುಡದಾವ್ರ ಎಷ್ಟು ಮಂದಿಗೆ ಅವನ ಹೆಸರು ಗೊತ್ತೈತಿ ಹೇಳ್ರಿ.

ಗಂಗಾವತಿ_ಗಿರಿ
ಗಂಗಾವತಿ ಅಕ್ಕಿ ಕಳಸೂಣೇನು ಅವರಿಗೆ 😂

ದೂರದ_ಬೆಟ್ಟ
ಕಡಲ ತಡಿಯವರು ಮೂಲನಿವಾಸಿಗಳ ಬಗ್ಗೆ ಹೇಳಿದ್ರಿಂದ ಇದನ್ನ ಸೇರಿಸ್ತೀನಿ. ಮೂಲನಿವಾಸಿಗಳಿಗೆ ಮದ್ಯ ಮಾರೋದನ್ನ 1832ರಲ್ಲೇ ಫೆಡರಲ್ ಕಾನೂನು ಬ್ಯಾನ್ ಮಾಡಿತ್ತು, ಅದು ಹೋಗಿದ್ದು 1953ರಲ್ಲಿ. ಅಂದ್ರೆ ಎಲ್ಲರ ಪಾನನಿಷೇಧ 13 ವರ್ಷ, ಅವರದ್ದು 120 ವರ್ಷಕ್ಕೂ ಹೆಚ್ಚು. ಈ ಲೆಕ್ಕ ಬಿಯರ್ ಇತಿಹಾಸದ ಟೈಮ್‌ಲೈನ್‌ನಲ್ಲಿ ಕಾಣೋದು ಅಪರೂಪ.

ಆಮೇಲೆ ಏನಾಯ್ತು ನೋಡಿ. ಸೌತ್ ಡಕೋಟಾದ ಪೈನ್ ರಿಜ್, ಲಕೋಟಾ ಜನರ ಮೀಸಲು ಪ್ರದೇಶ, ಅಲ್ಲಿ ಅವರೇ ಮದ್ಯ ಬೇಡ ಅಂತ ತೀರ್ಮಾನ ಮಾಡ್ಕೊಂಡಿದ್ದಾರೆ. ಗಡಿ ದಾಟಿದ್ರೆ ನೆಬ್ರಾಸ್ಕಾದಲ್ಲಿ ವೈಟ್‌ಕ್ಲೇ ಅಂತ ಊರು, ಊರು ಅನ್ನೋದೂ ಜಾಸ್ತಿ, ಹತ್ತಿಪ್ಪತ್ತು ಜನ ಕೂಡ ಇಲ್ಲ. ಅಲ್ಲಿ ನಾಲ್ಕು ಬಿಯರ್ ಅಂಗಡಿ, ವರ್ಷಕ್ಕೆ ಸುಮಾರು 40 ಲಕ್ಷ ಕ್ಯಾನ್ ಮಾರಾಟ ಆಗ್ತಿತ್ತು. ಯಾರಿಗೆ ಅಂತ ಬೇರೆ ಹೇಳ್ಬೇಕಾ. ವರ್ಷಗಟ್ಟಲೆ ಹೋರಾಟ ಆದ್ಮೇಲೆ 2017ರಲ್ಲಿ ಲೈಸೆನ್ಸ್ ನವೀಕರಣ ನಿಲ್ಲಿಸಿದ್ರು.

ಇದಕ್ಕಿಂತ ಉರಿಯೋದು ಇನ್ನೊಂದಿದೆ. ಕ್ರೇಜಿ ಹಾರ್ಸ್ ಅನ್ನೋ ಲಕೋಟಾ ನಾಯಕ, 1877ರಲ್ಲಿ ಕೊಂದ್ರು, ಮದ್ಯ ನಮ್ಮ ಜನಕ್ಕೆ ಬೇಡ ಅಂದವರು. 1992ರಲ್ಲಿ ಅವರ ಹೆಸರಲ್ಲೇ ಮಾಲ್ಟ್ ಲಿಕ್ಕರ್ (ಒಂಥರಾ ಸ್ಟ್ರಾಂಗ್ ಬಿಯರ್) ಬಂತು! ವಂಶಸ್ಥರು ಕೋರ್ಟಿಗೆ ಹೋದ್ರು. ಅದನ್ನ ತಯಾರಿಸಿಕೊಟ್ಟಿದ್ದ ಕಂಪನಿಯನ್ನ ಸ್ಟ್ರೋ ಬ್ರುವರಿಯವರು ಕೊಂಡಿದ್ರು. 2001ರಲ್ಲಿ ಅವರು ಖುದ್ದಾಗಿ ಹೋಗಿ ಕ್ಷಮೆ ಕೇಳಿ, 32 ಕಂಬಳಿ, ಹೊಗೆಸೊಪ್ಪು, 7 ರೇಸ್ ಕುದುರೆ ಕೊಟ್ರು. ಲಕೋಟಾ ಸಂಪ್ರದಾಯದ ಪ್ರಕಾರ ತಪ್ಪು ಒಪ್ಪಿಕೊಳ್ಳೋದು ಹಾಗೆ.

ನೇರನುಡಿ
7 ಕುದುರೆ ವಿಷ್ಯ ಗೊತ್ತಿರ್ಲಿಲ್ಲ. ಚೆನ್ನಾಗಿದೆ.

ಆದ್ರೂ ನನ್ನ ಪ್ರಶ್ನೆ ಹಾಗೇ ಉಳೀತು. ಕಪ್ಪು ಜನ ಮಾಲೀಕರಾದ ಬ್ರುವರಿ ಇದ್ದಿದ್ರೆ ಅವರ ಹೆಸ್ರೂ ಇರ್ತಿತ್ತು. ಯಾಕೆ ಮಾಡ್ಲಿಲ್ಲ? ಯಾರೂ ತಡೆದಿರ್ಲಿಲ್ವಲ್ಲ.

ಮಿಲ್ವಾಕಿ_ಮಂಜು
@ನೇರನುಡಿ ಯಾರೂ ತಡೆದಿರ್ಲಿಲ್ಲ ಅಂತ ಅಷ್ಟು ಸಲೀಸಾಗಿ ಹೇಳ್ಬೇಡಿ. ಥಿಯೋಡರ್ ಮ್ಯಾಕ್ ಅಂತ ಇದ್ರು, ಮಿಲ್ವಾಕಿಯವರೇ, ಪಾಬ್ಸ್ಟ್‌ನಲ್ಲಿ ಕೆಲಸ ಮಾಡ್ತಿದ್ರು. 1969ರಲ್ಲಿ ಕೋರ್ಟು ಬ್ಲಾಟ್ಜ್ ಬ್ರ್ಯಾಂಡ್ ಮಾರ್ಬೇಕು ಅಂತ ಪಾಬ್ಸ್ಟ್‌ಗೆ ಹೇಳಿದಾಗ, ಮ್ಯಾಕ್ ಕಪ್ಪು ಹೂಡಿಕೆದಾರರನ್ನ ಸೇರಿಸ್ಕೊಂಡು ಕೊಳ್ಳೋಕೆ ನೋಡಿದ್ರು, ಸಿಗ್ಲಿಲ್ಲ. ಬಿಡ್ಲಿಲ್ಲ. 1970ರಲ್ಲಿ ಆಶ್‌ಕಾಶ್‌ನಲ್ಲಿದ್ದ ಪೀಪಲ್ಸ್ ಬ್ರೂಯಿಂಗ್ ಕಂಪನಿ ಕೊಂಡ್ರು. ಸಾಲ ತೆಗೆದು, ಷೇರು ಮಾರಿ. ಆಶ್‌ಕಾಶ್ ಅಂದ್ರೆ ಆಗ ಹೆಚ್ಚುಕಮ್ಮಿ ಪೂರ್ತಿ ಬಿಳಿಯರ ಊರು. ಕೆಲಸಗಾರರನ್ನ ತೆಗೀತಾನೆ, ಬಿಯರ್ ರುಚಿ ಬದಲಾಯಿಸ್ತಾನೆ ಅಂತೆಲ್ಲ ಗುಸುಗುಸು ಹಬ್ಬಿತು, ಬಾರುಗಳಲ್ಲಿ ಆರ್ಡರ್ ಬಿತ್ತು. ಇವರು ಇದ್ದ ಕೆಲಸಗಾರರನ್ನೂ ಇಟ್ಕೊಂಡ್ರು, ರುಚಿನೂ ಹಾಗೇ ಇಟ್ರು. ಇತ್ತ ಮಿಲ್ವಾಕಿಯಲ್ಲಿ ದೊಡ್ಡ ಕಂಪನಿಗಳ ಮುಂದೆ ಜಾಗ ಸಿಗ್ಲಿಲ್ಲ. ಸೈನ್ಯದ ನೆಲೆಗಳಿಗೆ ಸರಬರಾಜು ಮಾಡೋ ಸರ್ಕಾರಿ ಗುತ್ತಿಗೆಗೆ ಹೋರಾಡಿದ್ರು, ಅದೂ ಕೈಗೆ ಬರ್ಲಿಲ್ಲ. 1972ರಲ್ಲಿ ಬಾಗಿಲು ಹಾಕಿದ್ರು.

ದುಡ್ಡು ಹಾಕಿದವನು, ರಿಸ್ಕ್ ತಗೊಂಡವನು, ಬೋರ್ಡಲ್ಲಿ ಹೆಸರು ಅಂತ ಹೇಳಿದ್ರಲ್ಲ. ಇವರು ಮೂರೂ ಮಾಡಿದ್ರು. ನೀವು ಇವರ ಹೆಸರು ಕೇಳಿದ್ರಾ?

ನೇರನುಡಿ
ಕೇಳಿಲ್ಲ. ಆದ್ರೆ ಆ ಸಮಯದಲ್ಲಿ ಸಣ್ಣ ಬ್ರುವರಿ ಎಲ್ಲಾ ಮುಚ್ಚಿದ್ವು ಸ್ವಾಮಿ, ಬಿಳಿಯರದ್ದೂ. ದೊಡ್ಡವರು ಟಿವಿ ಜಾಹೀರಾತು ಹಾಕಿ ನುಂಗಿದ್ರು. 1978ರ ಹೊತ್ತಿಗೆ ಇಡೀ ದೇಶದಲ್ಲಿ ನೂರು ಬ್ರುವರಿನೂ ಉಳಿದಿರ್ಲಿಲ್ಲ. ಎಲ್ಲಕ್ಕೂ ಬಣ್ಣ ಕಾರಣ ಅನ್ನೋದು ತಪ್ಪು.

ಮಿಲ್ವಾಕಿ_ಮಂಜು
ಎರಡೂ ಕಾರಣ ಇರ್ಬಹುದಲ್ವಾ? ಮುಳುಗೋ ಹಡಗಲ್ಲಿ ಕೊನೇ ಟಿಕೆಟ್ ಸಿಕ್ಕಿದ್ದು ಅವರಿಗೆ ಅನ್ನೋದೂ ಕಥೆಯ ಭಾಗವೇ.

ದೂರದ_ಬೆಟ್ಟ
ಕುಡಿಯದೇ ಇತಿಹಾಸ ಮಾಡಿದವರೂ ಇದ್ದಾರೆ. ಕೂರ್ಸ್ ಅನ್ನೋ ಬಿಯರ್ ಕಂಪನಿಯ ಬಹಿಷ್ಕಾರ ಗೊತ್ತಾ? 1960ರ ದಶಕದ ಕೊನೇಲಿ ಕೆಲಸಕ್ಕೆ ತಗೊಳ್ಳೋದ್ರಲ್ಲಿ ತಾರತಮ್ಯ ಅಂತ ಮೆಕ್ಸಿಕನ್ ಅಮೆರಿಕನ್ನರು ಶುರು ಮಾಡಿದ್ರು. 70ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಿಯರ್ ಲಾರಿ ಡ್ರೈವರ್‌ಗಳ ಸಂಘದ ಆಲನ್ ಬೇರ್ಡ್, ಸಲಿಂಗಿಗಳ ನಾಯಕ ಹಾರ್ವಿ ಮಿಲ್ಕ್ ಹತ್ರ ಹೋಗಿ ನಿಮ್ಮ ಗೇ ಬಾರ್‌ಗಳಲ್ಲಿ ಕೂರ್ಸ್ ನಿಲ್ಲಿಸ್ತೀರಾ ಅಂತ ಕೇಳಿದ್ರು. ಮಿಲ್ಕ್ ಹಾಕಿದ ಷರತ್ತು, ನಮ್ಮವರಿಗೂ ಡ್ರೈವರ್ ಕೆಲಸ ಕೊಡಿಸ್ಬೇಕು. ಸರಿ ಅಂದ್ರು. ಬಾರ್‌ಗಳು ಒಂದೊಂದಾಗಿ ಕೂರ್ಸ್ ತೆಗೆದವು. ಆ ಕಂಪನಿ ಕೆಲಸಕ್ಕೆ ಬಂದವರನ್ನ ಸುಳ್ಳು ಪತ್ತೆ ಯಂತ್ರದ ಮುಂದೆ ಕೂರಿಸಿ ಖಾಸಗಿ ಪ್ರಶ್ನೆ ಕೇಳೋದು ಅನ್ನೋದೇ ದೊಡ್ಡ ಸಿಟ್ಟು. 1977ರಲ್ಲಿ ಕೊಲೊರಾಡೊದ ಬ್ರುವರಿಯಲ್ಲೇ ಮುಷ್ಕರ ಆಯ್ತು, ಮುಷ್ಕರ ಮುರಿದು ಸಂಘಾನೇ ಹೋಯ್ತು, ಆದ್ರೆ ಬಹಿಷ್ಕಾರ ನಿಲ್ಲಲಿಲ್ಲ. ರಾಷ್ಟ್ರಮಟ್ಟದ ಕಾರ್ಮಿಕ ಒಕ್ಕೂಟ ರಾಜಿ ಮಾಡ್ಕೊಂಡು ಕೈಬಿಟ್ಟಿದ್ದು 1987ರಲ್ಲಿ.

ಕಾಫಿಪುಡಿ
ಲಾರಿ ಡ್ರೈವರ್ ಸಂಘ, ಗೇ ಬಾರು, ಮೆಕ್ಸಿಕನ್ ಸಂಘಟನೆ ಒಂದೇ ಕಡೆ. ಈ ಕಥೆನ ನಮಗ್ಯಾರೂ ಹೇಳಿರ್ಲಿಲ್ಲ ನೋಡು.

ನೇರನುಡಿ
ಕ್ರಾಫ್ಟ್ ಬಿಯರ್ ಅಂತೂ ಹುಡುಗರದ್ದೇ ಅಂತ ಒಪ್ತೀರಾ? 1976ರಲ್ಲಿ ಸೊನೋಮಾದಲ್ಲಿ ಜ್ಯಾಕ್ ಮೆಕಾಲಿಫ್ ಒಬ್ಬನೇ ನ್ಯೂ ಆಲ್ಬಿಯನ್ ಅನ್ನೋ ಸಣ್ಣ ಬ್ರುವರಿ ಶುರು ಮಾಡಿ ದಾರಿ ತೋರಿಸಿದ.

ಸುನಯನಾ_ಎಸ್
@ನೇರನುಡಿ ಒಬ್ಬನೇ ಅಲ್ಲ. ಸೂಜಿ ಸ್ಟರ್ನ್, ಜೇನ್ ಜಿಮರ್‌ಮನ್ ಅಂತ ಇಬ್ರು ಹೆಂಗಸರು ದುಡ್ಡೂ ಹಾಕಿದ್ರು, ಮೈಬಗ್ಗಿಸಿ ಕೆಲಸಾನೂ ಮಾಡಿದ್ರು. ಸೂಜಿ ಬಿಯರ್ ಮಾಡೋದ್ರಿಂದ ಬಾಟ್ಲಿ ತುಂಬಿಸಿ ಡೆಲಿವರಿ ಕೊಡೋವರೆಗೂ ಇದ್ರು. ನಿಮ್ಮ ರೂಲ್ಸ್ ಪ್ರಕಾರನೇ ಬೋರ್ಡಲ್ಲಿ ಮೂರು ಹೆಸ್ರಿರಬೇಕು.

ಕೆರೋಲ್ ಸ್ಟೌಟ್ 1987ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ತಮ್ಮದೇ ಬ್ರುವರಿ ತೆಗೆದ್ರು, ಬಿಯರನ್ನೂ ತಾವೇ ಮಾಡ್ತಿದ್ರು. ಕಪ್ಪು ಜನರ ಪೈಕಿ ಗ್ಯಾರೆಟ್ ಆಲಿವರ್ 1994ರಿಂದ ಬ್ರೂಕ್ಲಿನ್ ಬ್ರುವರಿಯ ಬ್ರೂಮಾಸ್ಟರ್, 2000ದಲ್ಲಿ ಸೆಲೆಸ್ಟ್ ಬೀಟಿ ಹಾರ್ಲೆಮ್ ಬ್ರೂಯಿಂಗ್ ಶುರು ಮಾಡಿದ್ರು. ಇಷ್ಟಾದ್ರೂ ಈಗಿರೋ 9,000ಕ್ಕೂ ಹೆಚ್ಚು ಬ್ರುವರಿಗಳ ಮಾಲೀಕರಲ್ಲಿ ಕಪ್ಪು ಜನ ನೂರಕ್ಕೆ ಒಬ್ಬರೂ ಇಲ್ಲ.

ನೇರನುಡಿ
ಸರಿ ಮೂರು ಹೆಸ್ರು ಹಾಕೋಣ. ಜ್ಯಾಕ್‌ದು ಮೊದ್ಲು.

ಭಾಗ್ಯಕ್ಕ
ಅದ್ಯಾಕೆ ಮೊದ್ಲು? ಅಕ್ಷರಮಾಲೆ ಪ್ರಕಾರ ಹಾಕಿ.

ಕಡಲ_ತಡಿ
ಅಕ್ಷರಮಾಲೆ ಪ್ರಕಾರ ಆದ್ರೂ ಜೇನ್ ಜ್ಯಾಕ್ ಇಬ್ರಿಗೂ ಜಗಳ ಉಂಟು 😄

ಬಾರ್ಲಿ_ಬಸು
ನಾ ಮತ್ತೊಂದು ಹೆಸರಿಲ್ಲದವ್ರ ಬಗ್ಗೆ ಹೇಳಿ ಮಲಗ್ತೀನಿ. ಈಗ ನಾವು ಬೆಂಗ್ಳೂರಾಗ ಅಮೆರಿಕನ್ ಪೇಲ್ ಏಲ್ ಮಾಡ್ತೀವಲ್ರಿ, ಆ ಕಿತ್ತಳಿ ಸಿಪ್ಪಿ ಘಮ ಬರೂದು ಕ್ಯಾಸ್ಕೇಡ್ ಅನ್ನೂ ಹಾಪ್ಸ್‌ಲಿಂದ. ಅದನ್ನ ಯಾವ ಕ್ರಾಫ್ಟ್ ಹೀರೋನೂ ಹುಟ್ಟಿಸಿಲ್ಲ. ಆರೆಗಾನ್‌ನ್ಯಾಗ ಸರ್ಕಾರಿ ಕೃಷಿ ಇಲಾಖೆ ವಿಜ್ಞಾನಿಗಳು 1956ರಾಗ ತಳಿ ಕೂಡಿಸಿ, ವರ್ಷಗಟ್ಟಲೆ ಹೊಲದಾಗ ಪರೀಕ್ಷಾ ಮಾಡಿ, 1970ರ ದಶಕದ ಶುರುವಿಗೆ ರೈತರ ಕೈಗೆ ಕೊಟ್ರು. ಜನರ ತೆರಿಗಿ ರೊಕ್ಕದಾಗ ಆದ ಕೆಲಸ. ಮೊದ್ಲ ಅದನ್ನ ಬಳಸಿದ್ದೂ ದೊಡ್ಡ ಕಂಪನಿಗೋಳು, ಆಮ್ಯಾಲೆ ಅವ್ರು ಬ್ಯಾಡಂದ್ರು, ಸಣ್ಣವ್ರು ಎತ್ತಿಕೊಂಡ್ರು. ಈಗ ನಮಗ ಹಾಪ್ಸಿನ ಗುಳಿಗಿ ಡಬ್ಬ್ಯಾಗ ಬರ್ತಾವ, ಮ್ಯಾಲೆ ಯಾಕಿಮಾ ಅಂತ ಬರದಿರ್ತೈತಿ. ಅಮೆರಿಕದ ಹಾಪ್ಸ್ ಮುಕ್ಕಾಲು ಪಾಲು ಬೆಳೆಯೂ ವಾಷಿಂಗ್ಟನ್ ರಾಜ್ಯದ ಕಣಿವಿ ಅದು. ಅಲ್ಲಿ ಬಳ್ಳಿ ಕಟ್ಟಾವ್ರು, ಕೊಯ್ಯಾವ್ರು ಈಗ ಹೆಚ್ಚಾಗಿ ಮೆಕ್ಸಿಕೋದಿಂದ ಬಂದ ಕುಟುಂಬದವ್ರು.

ಗಂಗಾವತಿ_ಗಿರಿ
ಬಸಣ್ಣ ರಾಗಿ ಹಾಕಿ ಬಿಯರ್ ಮಾಡ್ತಾರಂತಲ್ಲ ಬೆಂಗಳೂರಾಗ ಅದು ಹೆಂಗಿರ್ತದ ಒಗರು ಬರ್ತದೇನು

ಬಾರ್ಲಿ_ಬಸು
ಬರ್ತೈತ್ರಿ ಸ್ವಲ್ಪ, ಸಿಪ್ಪಿ ಸುಡು ನೀರಾಗ ಹೆಚ್ಚು ಹೊತ್ತು ಬಿಟ್ರ. ರಾಗಿ ಕಾಳು ಸಣ್ಣದು ನೋಡ್ರಿ, ಗಿರಣಿ ಅಂತರ ಬದಲಿ ಮಾಡ್ಬೇಕು, ಇಲ್ಲಂದ್ರ ಪೂರ್ತಿ ಕಾಳ ಹಂಗ ಹೊರಗ ಬೀಳ್ತಾವು, ನುಣ್ಣಗ ಮಾಡಿದ್ರ ಬಸಿಯೂ ಮುಂದ ಕಟ್ಟಿಕೊಂಡು ಕೂಡ್ತೈತಿ

ಕಾಫಿಪುಡಿ
ಅಡ್ರೆಸ್ ಕಳ್ಸಿ ಬಸಣ್ಣ

ನಿರ್ವಾಹಕ
ರಾಗಿ ಬಿಯರ್‌ಗೆ ಅಡುಗೆ-ಪಾನೀಯ ವಿಭಾಗದಲ್ಲಿ ಬೇರೆ ಎಳೆ ತೆರೀರಿ, ವಿಳಾಸ ಇಲ್ಲಿ ಹಾಕ್ಬೇಡಿ. @ಭಾಗ್ಯಕ್ಕ ನಿಮ್ಮೂರಿನ ಸಾರಾಯಿ ಹೋರಾಟದ ಬಗ್ಗೆ ಬರೆಯೋ ಹಾಗಿದ್ರೆ ಅದಕ್ಕೂ ಒಂದು ಎಳೆ ಮಾಡಿಕೊಡ್ತೀನಿ.

ಭಾಗ್ಯಕ್ಕ
ಮಾಡಿ. ಭಾನುವಾರ ಬರೀತೀನಿ. ಕಾಫಿಪುಡಿ ಮೊದ್ಲು ಓದಿ ಆಮೇಲೆ ಕಾಮೆಂಟ್ ಹಾಕ್ಬೇಕು ಅಷ್ಟೇ.